ಎಸೆದ ಈಟಿಯನ್ನು ಹೊತ್ತು ತರುವವರು

ಅಂತರರಾಷ್ಟ್ರೀಯ ಕ್ರೀಡಾಕೂಟವೊಂದರಲ್ಲಿ ದುಡಿಯುವವರನ್ನು ಸ್ಥೂಲವಾಗಿ ನಾಲ್ಕು ವರ್ಗಗಳಲ್ಲಿ ಗುರುತಿಸಬಹುದು: ಸ್ಪರ್ಧಿಸುವ ಕ್ರೀಡಾಪಟುಗಳು ಮತ್ತು ಅವರ ತರಬೇತುದಾರರು, ನಿಯಮಕ್ಕೆ ಅನುಸಾರವಾಗಿ ತೀರ್ಪು ನೀಡುವ ತಾಂತ್ರಿಕ ಅಧಿಕಾರಿಗಳು, ಸಂಬಳ ಅಥವಾ ಗುತ್ತಿಗೆಯ ಮೇಲೆ ಕೆಲಸ ಮಾಡುವ ಸಿಬ್ಬಂದಿ, ಮತ್ತು ಈ ಮೂವರ ನಡುವೆ ಉಳಿಯುವ ತೆರಪುಗಳನ್ನೆಲ್ಲ ತುಂಬುವ ಸ್ವಯಂಸೇವಕರು. ಮೊದಲ ಮೂರು ವರ್ಗದವರ ಹೆಸರು ಫಲಿತಾಂಶದ ಪಟ್ಟಿಯಲ್ಲೋ ಸಂಬಳದ ಪಟ್ಟಿಯಲ್ಲೋ ದಾಖಲಾಗುತ್ತದೆ. ನಾಲ್ಕನೆಯವರ ಹೆಸರು ಕೊರಳಿಗೆ ತೂಗುವ ಮಾನ್ಯತಾ ಪತ್ರದಲ್ಲಿ, ಎಂದರೆ ಯಾರು ಯಾವ ಬಾಗಿಲಿನವರೆಗೆ ಹೋಗಬಹುದೆಂದು ತಿಳಿಸುವ ಗುರುತಿನ ಚೀಟಿಯಲ್ಲಿ, ಕೂಟ ಮುಗಿಯುವ ತನಕ ಮಾತ್ರ ಇರುತ್ತದೆ.

ಈ ನಾಲ್ಕನೆಯವರ ಕೆಲಸದ ಸ್ವರೂಪವನ್ನು ಜಾವೆಲಿನ್ ಎಸೆತದ ಒಂದು ಸಣ್ಣ ನಿಯಮ ಚೆನ್ನಾಗಿ ತಿಳಿಸುತ್ತದೆ. ಎಸೆದ ಈಟಿಯನ್ನು ಓಟದ ಪಥದ ಬಳಿಗೆ ತಂದೇ ಕೊಡಬೇಕು, ಎಂದಿಗೂ ಮರಳಿ ಎಸೆಯಬಾರದು ಎನ್ನುತ್ತದೆ ಆ ನಿಯಮ. ಮೈದಾನದಲ್ಲಿ ಓಡಾಡುವವರ ಜೀವಕ್ಕೆ ಅಪಾಯವಾಗದಿರಲೆಂದು ಮಾಡಿದ ಈ ಕಟ್ಟಳೆಯಿಂದಾಗಿ, ಕ್ರೀಡಾಪಟು ಕೆಲವೇ ಕ್ಷಣಗಳಲ್ಲಿ ಗಾಳಿಯಲ್ಲಿ ದಾಟಿಸಿದ ದೂರವನ್ನು, ಪುಟ್ಟ ವಾಹನದ ಅನುಕೂಲವಿಲ್ಲದ ಕಡೆ, ಇನ್ನೊಬ್ಬರು ನೆಲದ ಮೇಲೆ ಹೆಜ್ಜೆ ಹಾಕಿ ಕ್ರಮಿಸಬೇಕಾಗುತ್ತದೆ. ಎಸೆತಕ್ಕೆ ಅಳತೆಯುಂಟು, ಹೊತ್ತು ತಂದ ನಡಿಗೆಯನ್ನು ಯಾರೂ ಅಳೆಯುವುದಿಲ್ಲ. ಅಳತೆಗೆ ಸಿಗದ ಈ ಕೆಲಸಕ್ಕೂ ಕಲಿಕೆ, ಶಿಸ್ತು ಮತ್ತು ಹೊಣೆಗಾರಿಕೆ ಬೇಕೆಂಬುದನ್ನೂ, ಉತ್ತರ ಕನ್ನಡ ಜಿಲ್ಲೆಯ ಒಳನಾಡಿನ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಆ ಕಲಿಕೆಯ ಬಹುಭಾಗ ಈಗಾಗಲೇ ಇದ್ದರೂ ಅದು ದೊಡ್ಡ ಕ್ರೀಡಾಂಗಣಗಳ ಬಾಗಿಲವರೆಗೆ ಹೋಗದಿರುವುದಕ್ಕೆ ಕಾರಣವೇನೆಂಬುದನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಉಚಿತ ಸೇವೆ ವ್ಯವಸ್ಥೆಯಾದ ಬಗೆ

ಆಧುನಿಕ ಒಲಿಂಪಿಕ್ಸ್‌ನ ಆರಂಭದ ದಶಕಗಳಲ್ಲಿ ಸ್ವಯಂಸೇವಕರೆಂಬ ಪ್ರತ್ಯೇಕ ವರ್ಗವಿರಲಿಲ್ಲ. ಕ್ರೀಡಾ ಸಂಘಗಳ ಸದಸ್ಯರು ಮತ್ತು ಸೈನಿಕರು ಒದಗಿದ ಕೆಲಸವನ್ನು ಮಾಡುತ್ತಿದ್ದರು, 1912ರ ಸ್ಟಾಕ್‌ಹೋಮ್ ಕೂಟದಲ್ಲಿ ಬಾಲ ಸ್ಕೌಟುಗಳು ಸುದ್ದಿ ಮುಟ್ಟಿಸುವಂಥ ಚಿಕ್ಕಪುಟ್ಟ ಕೆಲಸಗಳಿಗೆ ಒದಗಿದ್ದರು. ಅರ್ಜಿ ಕರೆದು, ಆಯ್ಕೆ ಮಾಡಿ, ತರಬೇತಿ ಕೊಟ್ಟು, ಪಾಳಿ ಹಂಚುವ ಸಂಘಟಿತ ವ್ಯವಸ್ಥೆಗೆ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ 1980ರಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್ ಮೊದಲ ಉದಾಹರಣೆಯೆಂದು ಪರಿಗಣಿಸಲಾಗುತ್ತದೆ. ಅಲ್ಲಿ ಸುಮಾರು 6,700 ಸ್ವಯಂಸೇವಕರಿದ್ದರು. ನಾಲ್ಕು ವರ್ಷಗಳ ಬಳಿಕ ಲಾಸ್ ಏಂಜಲೀಸ್‌ನಲ್ಲಿ ಈ ಸಂಖ್ಯೆ 28,000 ದಾಟಿತು, 1992ರ ಬಾರ್ಸಿಲೋನಾದಲ್ಲಿ 34,000 ಮೀರಿತು. ಸಂಬಳ ಅಥವಾ ಬೇರೆ ಪ್ರತಿಫಲವನ್ನು ಬಯಸದೆ, ತನಗೆ ವಹಿಸಿದ ಕೆಲಸವನ್ನು ತನ್ನ ಶಕ್ತಿಯಿದ್ದಷ್ಟು ಮಾಡಿಕೊಡುವುದಾಗಿ ವ್ಯಕ್ತಿಗತವಾಗಿ ಒಪ್ಪಿಕೊಂಡವರೇ ಒಲಿಂಪಿಕ್ ಸ್ವಯಂಸೇವಕರು ಎಂಬ ಅರ್ಥದ ವ್ಯಾಖ್ಯಾನವೂ ಬಾರ್ಸಿಲೋನಾ ಕೂಟದ ಅಧಿಕೃತ ವರದಿಯಲ್ಲಿಯೇ ಸ್ಪಷ್ಟವಾಗಿ ದಾಖಲಾಯಿತು.

ಅಲ್ಲಿಂದ ಮುಂದೆ ಬೇಡಿಕೆ ಮತ್ತು ಅವಕಾಶದ ನಡುವಿನ ಅಂತರ ಹಿಗ್ಗುತ್ತಲೇ ಹೋಯಿತು. 2012ರ ಲಂಡನ್ ಕೂಟದ 70,000 ಸ್ಥಾನಗಳಿಗೆ ಸುಮಾರು 2,40,000 ಜನ ಅರ್ಜಿ ಹಾಕಿದರು. 2024ರ ಪ್ಯಾರಿಸ್ ಕೂಟದ 45,000 ಸ್ಥಾನಗಳಿಗೆ ಮೂರು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು. ಸಂಬಳವಿಲ್ಲದ ಕೆಲಸಕ್ಕೆ ಇಷ್ಟೊಂದು ಜನ ಮುಂದೆ ಬರುವುದಕ್ಕೆ ಕ್ರೀಡಾಭಿಮಾನವೊಂದೇ ಕಾರಣವಲ್ಲ. ಮುಂದೆ ಉದ್ಯೋಗಕ್ಕೆ ನೆರವಾಗುವ ಅನುಭವ, ಬೇರೆ ದೇಶದವರೊಡನೆ ಒಡನಾಟ, ಮತ್ತು ತನ್ನ ಊರಿನ ದೊಡ್ಡ ಕಾರ್ಯವೊಂದರಲ್ಲಿ ತನ್ನದೂ ಒಂದು ಕೈಯಿತ್ತೆಂಬ ಸಮಾಧಾನ ಇವೂ ಅದರಲ್ಲಿ ಬೆರೆತಿರುತ್ತವೆ.

ಕಂಠೀರವದ ಒಂದು ಸಂಜೆ

ಕರ್ನಾಟಕದಲ್ಲಿ ಇಂಥ ಕೆಲಸದ ವಿವರಗಳನ್ನು ನೋಡಲು ಇತ್ತೀಚಿನ ಒಳ್ಳೆಯ ಉದಾಹರಣೆಯೆಂದರೆ 2025ರ ಜುಲೈ 5ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ನೀರಜ್ ಚೋಪ್ರಾ ಕ್ಲಾಸಿಕ್. ಭಾರತದಲ್ಲಿ ಜಾವೆಲಿನ್‌ಗಾಗಿಯೇ ಏರ್ಪಟ್ಟ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆಯಾದ ಇದು ಮೊದಲು ಹರಿಯಾಣದ ಪಂಚಕುಲಾದಲ್ಲಿ ನಡೆಯಬೇಕಾಗಿತ್ತು. ಅಲ್ಲಿನ ಬೆಳಕಿನ ವ್ಯವಸ್ಥೆ ಸಾಲದೆಂದು ಬೆಂಗಳೂರಿಗೆ ಬಂದಿತು, ಮೇ ತಿಂಗಳಿಗೆ ಗೊತ್ತಾಗಿದ್ದ ದಿನಾಂಕವು ಗಡಿಯ ಉದ್ವಿಗ್ನತೆಯಿಂದಾಗಿ ಮುಂದಕ್ಕೆ ಹೋಯಿತು. ನೀರಜ್ ಚೋಪ್ರಾ 86.18 ಮೀಟರ್ ಎಸೆದು ಗೆದ್ದರು. ಕೀನ್ಯಾದ ಜೂಲಿಯಸ್ ಯೆಗೊ ಎರಡನೆಯವರಾಗಿ, ಶ್ರೀಲಂಕಾದ ರುಮೇಶ್ ಪತಿರಗೆ ಮೂರನೆಯವರಾಗಿ ನಿಂತರು.

ಇಂಥದೊಂದು ಸ್ಪರ್ಧೆಯ ಹಿಂದಿನ ಕೆಲಸಗಳನ್ನು ಬಿಡಿಸಿ ನೋಡಿದರೆ ಅವುಗಳ ಸೂಕ್ಷ್ಮತೆ ತಿಳಿಯುತ್ತದೆ. ಪುರುಷರ ಈಟಿ ಕನಿಷ್ಠ 800 ಗ್ರಾಂ ತೂಗಬೇಕು ಮತ್ತು 2.60ರಿಂದ 2.70 ಮೀಟರ್ ಉದ್ದವಿರಬೇಕು. ಆದ್ದರಿಂದ ಪ್ರತಿಯೊಂದು ಈಟಿಯನ್ನೂ ಮುಂಚೆಯೇ ತೂಗಿ, ಅಳೆದು, ಗುರುತು ಹಾಕಿ, ಮೈದಾನಕ್ಕೆ ತಂದು ಜೋಡಿಸಬೇಕು. ಈಟಿ ಬೀಳಬೇಕಾದ ಪ್ರದೇಶವನ್ನು ಸುಮಾರು 29 ಡಿಗ್ರಿ ಕೋನದಲ್ಲಿ ಬಿಳಿಯ ಗೆರೆಗಳಿಂದ ಗುರುತಿಸಿ, ಪ್ರತಿ ಎಸೆತದ ಮುನ್ನ ಅಲ್ಲಿ ಯಾರೂ ಅಡ್ಡ ಬರದಂತೆ ಕಾಯಬೇಕು. ಸ್ಪರ್ಧಿಗೆ ಎಸೆಯಲು ಸಿಗುವುದು ಒಂದೇ ನಿಮಿಷವಾದುದರಿಂದ, ಈಟಿ ಬಿದ್ದ ಜಾಗವನ್ನು ಅಧಿಕಾರಿ ಗುರುತಿಸಿದ ಕೂಡಲೇ ಅದನ್ನು ಕಿತ್ತು, ಮೊನೆಯನ್ನು ನೆಲದ ಕಡೆಗೆ ಹಿಡಿದು, ಹುಲ್ಲುಹಾಸಿನ ಅಂಚಿನಿಂದ ಮರಳಬೇಕು. ಎಸೆತ ಸರಿಯೋ ತಪ್ಪೋ ಎಂದು ಬಿಳಿ ಅಥವಾ ಕೆಂಪು ಬಾವುಟ ಎತ್ತುವ ಅಧಿಕಾರ ತಾಂತ್ರಿಕ ಅಧಿಕಾರಿಯದು. ಈಟಿ ಹೊತ್ತವರಿಗೆ ಆ ಅಧಿಕಾರವಿಲ್ಲ, ಆದರೆ ಅವರು ತಡಮಾಡಿದರೆ ಸ್ಪರ್ಧೆಯ ಲಯವೇ ಕೆಡುತ್ತದೆ.

ಮೈದಾನದಿಂದ ಆಚೆ ಇನ್ನೂ ಎರಡು ಮುಖ್ಯ ಜಾಗಗಳಿವೆ. ಮೊದಲನೆಯದು ಕಾಲ್ ರೂಮ್, ಎಂದರೆ ಸ್ಪರ್ಧೆಗೆ ಮುಂಚೆ ಕ್ರೀಡಾಪಟುಗಳು ಹಾಜರಾತಿ ಕೊಟ್ಟು, ತಮ್ಮ ಬೂಟು, ಸಮವಸ್ತ್ರ ಮತ್ತು ಎದೆಯ ಸಂಖ್ಯೆಗಳನ್ನು ತಪಾಸಣೆಗೆ ಒಡ್ಡುವ ಕೊಠಡಿ. ಇಲ್ಲಿಂದ ಅವರನ್ನು ಸಾಲಾಗಿ ಮೈದಾನಕ್ಕೆ ಕರೆದೊಯ್ಯುವವರು ಸಾಮಾನ್ಯವಾಗಿ ಸ್ವಯಂಸೇವಕರೇ. ಎರಡನೆಯದು ಉದ್ದೀಪನ ಮದ್ದು ಪರೀಕ್ಷೆಯ ಕೇಂದ್ರ. ಪರೀಕ್ಷೆಗೆ ಆಯ್ಕೆಯಾದ ಕ್ರೀಡಾಪಟುವಿಗೆ ಆ ಸಂಗತಿಯನ್ನು ತಿಳಿಸಿದ ಕ್ಷಣದಿಂದ ಕೇಂದ್ರವನ್ನು ಮುಟ್ಟುವವರೆಗೂ ಅವರನ್ನು ಕಣ್ಣಳತೆಯಿಂದ ಬಿಡದೆ ಜೊತೆಗಿರುವವರನ್ನು ಶಾಪರೋನ್ ಎನ್ನುತ್ತಾರೆ. ಕನ್ನಡದಲ್ಲಿ ಪರೀಕ್ಷೆಯ ಜೊತೆಗಾರ ಎನ್ನಬಹುದು. ಪದಕ ಪ್ರದಾನವಿರಲಿ, ಪತ್ರಕರ್ತರ ಭೇಟಿಯಿರಲಿ, ಜೊತೆಗಾರರು ನೆರಳಿನಂತೆ ಹಿಂದೆಯೇ ಇರಬೇಕು, ಆದರೆ ಕ್ರೀಡಾಪಟುವಿನ ಸಂತೋಷಕ್ಕೋ ದುಃಖಕ್ಕೋ ಅಡ್ಡಿಯಾಗಬಾರದು. ತರಬೇತಿ ಪಡೆದ ಸ್ವಯಂಸೇವಕರಿಗೆ ಈ ಹೊಣೆಯನ್ನು ವಹಿಸುವುದು ಹಲವು ದೇಶಗಳಲ್ಲಿ ರೂಢಿಯಲ್ಲಿದೆ, ಮತ್ತು ಅವರ ಒಂದು ಅಜಾಗರೂಕ ಕ್ಷಣ ಇಡೀ ಪರೀಕ್ಷೆಯ ಸಿಂಧುತ್ವವನ್ನೇ ಪ್ರಶ್ನೆಗೆ ಒಡ್ಡಬಲ್ಲದು.

ಪ್ರೇಕ್ಷಕರ ಕಡೆಯ ಕೆಲಸವೂ ಅಷ್ಟೇ ಗಂಭೀರವಾದುದು. ಈ ಸ್ಪರ್ಧೆಗೆ ಒಂದು ತಿಂಗಳು ಮುಂಚೆ, 2025ರ ಜೂನ್ 4ರಂದು, ಅದೇ ನಗರದ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವಕ್ಕೆ ನೆರೆದ ಜನಸಂದಣಿಯ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಬಾಗಿಲು ಎಲ್ಲಿದೆ, ಯಾವಾಗ ತೆರೆಯುತ್ತದೆ, ತುಂಬಿದ ಮೇಲೆ ಜನ ಎತ್ತ ತಿರುಗಬೇಕು ಎಂಬುದನ್ನು ಮುಂಚಿತವಾಗಿ, ಜನರ ಭಾಷೆಯಲ್ಲಿ, ಸಮಾಧಾನದಿಂದ ಹೇಳುವವರ ಅಗತ್ಯ ಎಷ್ಟೆಂಬುದಕ್ಕೆ ಇದಕ್ಕಿಂತ ಕಠೋರವಾದ ಪಾಠ ಬೇಕಿಲ್ಲ.

ಮಣ್ಣಿನಿಂದ ಮ್ಯಾಟಿಗೆ: ಹಳಿಯಾಳ

ಈ ಹಿನ್ನೆಲೆಯಲ್ಲಿ ನಾಲ್ಕು ತಾಲ್ಲೂಕುಗಳ ಕಡೆಗೆ ನೋಡಿದರೆ ಮೊದಲು ಕಾಣಿಸುವುದು ಹಳಿಯಾಳದ ಕುಸ್ತಿ. ರಾಜ್ಯದ ಕುಸ್ತಿ ಕ್ರೀಡಾ ನಿಲಯಗಳಲ್ಲಿ ಒಂದು ಇಲ್ಲಿದ್ದು, ಬಾಲಕರ ಜೊತೆಗೆ ಬಾಲಕಿಯರೂ, ಅವರಲ್ಲಿ ಸಿದ್ದಿ ಸಮುದಾಯದವರೂ, ಇಲ್ಲಿ ತಾಲೀಮು ಮಾಡಿ ರಾಷ್ಟ್ರಮಟ್ಟದ ಸ್ಪರ್ಧೆಗಳಿಗೆ ಹೋಗಿದ್ದಾರೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ನಡೆಯುವ ಜಂಗಿ ನಿಕಾಲಿ ಕುಸ್ತಿಗೆ, ಎಂದರೆ ಸೋಲು ಗೆಲುವು ಖಚಿತವಾಗಿ ತೀರ್ಮಾನವಾಗುವವರೆಗೂ ಬಿಡದ ಕಾಳಗಕ್ಕೆ, ತನ್ನದೇ ಆದ ಹಿನ್ನೆಲೆಯ ಕೆಲಸಗಾರರಿದ್ದಾರೆ: ಕೆಮ್ಮಣ್ಣನ್ನು ಜರಡಿ ಹಿಡಿದು, ಅರಿಸಿನ, ಎಣ್ಣೆ, ಮಜ್ಜಿಗೆ ಬೆರೆಸಿ ಹದಗೊಳಿಸುವವರು, ಸರಿಜೋಡಿ ಕಟ್ಟುವ ವಸ್ತಾದರು, ಜನರನ್ನು ಕಣದಿಂದ ಹಿಂದಕ್ಕೆ ಸರಿಸುವವರು, ಹಲಗೆ ಬಾರಿಸಿ ಪೈಲ್ವಾನರನ್ನು ಹುರಿದುಂಬಿಸುವವರು.

ಅಂತರರಾಷ್ಟ್ರೀಯ ಕುಸ್ತಿ ಮಣ್ಣಿನ ಮೇಲಲ್ಲ, 9 ಮೀಟರ್ ವ್ಯಾಸದ ವೃತ್ತವಿರುವ ಮ್ಯಾಟಿನ ಮೇಲೆ, ತಲಾ ಮೂರು ನಿಮಿಷದ ಎರಡು ಅವಧಿಗಳಲ್ಲಿ ನಡೆಯುತ್ತದೆ. ಆದರೆ ಕಣವನ್ನು ಕಾಯುವ ತತ್ತ್ವ ಬದಲಾಗುವುದಿಲ್ಲ. ಅಖಾಡದ ಮಣ್ಣನ್ನು ಹದವಾಗಿಡುವ ಕೈಗೆ ಮ್ಯಾಟಿನ ಜೋಡಣೆಯಲ್ಲಿ ಬಿರುಕು ಬಿಡದಂತೆ ಬಿಗಿಯುವುದು, ಚರ್ಮರೋಗ ಹರಡದಂತೆ ಅದನ್ನು ಸೋಂಕುನಿವಾರಕದಿಂದ ಒರೆಸುವುದು, ಪಂದ್ಯದ ನಡುವೆ ರಕ್ತ ಬಿದ್ದರೆ ಕ್ಷಣಮಾತ್ರದಲ್ಲಿ ಶುಚಿಗೊಳಿಸುವುದು ಹೊಸ ವಿದ್ಯೆಯಾಗಲಾರದು. ತೂಕ ನೋಡುವ ಬೆಳಗಿನ ಜವಾಬ್ದಾರಿ ಇನ್ನೂ ದೊಡ್ಡದು. ಸ್ಪರ್ಧೆಯ ಪ್ರತಿ ದಿನವೂ ಬೆಳಗ್ಗೆ ಕುಸ್ತಿಪಟುವಿನ ತೂಕ ನೋಡುವುದು ಈಗಿನ ನಿಯಮ. 2024ರ ಆಗಸ್ಟ್ 7ರಂದು ಪ್ಯಾರಿಸ್‌ನಲ್ಲಿ 50 ಕಿಲೋಗ್ರಾಂ ವಿಭಾಗದ ಫೈನಲ್ ತಲುಪಿದ್ದ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಿದ್ದ ಕಾರಣಕ್ಕೆ ಅನರ್ಹರಾದುದನ್ನು ದೇಶವೇ ನೋಡಿದೆ. ಅಷ್ಟು ಸೂಕ್ಷ್ಮವಾದ ತಕ್ಕಡಿಯ ಮುಂದೆ ಸಾಲು ನಿಲ್ಲಿಸುವ, ಹೆಸರು ಕರೆಯುವ, ಹೊತ್ತು ಮೀರದಂತೆ ನೋಡಿಕೊಳ್ಳುವ ಕೆಲಸದಲ್ಲಿ, ತಾವೇ ತೂಕ ಇಳಿಸಿ ಬಲ್ಲ ಮಾಜಿ ಕುಸ್ತಿಪಟುಗಳಿಗಿಂತ ಅರಿತವರು ಸಿಗಲಾರರು.

ಕಾಳಿಯ ದಂಡೆಯ ಕಾವಲು

ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ ಕಾರವಾರದ ಹತ್ತಿರ ಅರಬ್ಬಿ ಸಮುದ್ರವನ್ನು ಸೇರುವ ಕಾಳಿ ನದಿಯು ದಾಂಡೇಲಿ ಮತ್ತು ಗಣೇಶಗುಡಿಗಳ ಆಸುಪಾಸಿನಲ್ಲಿ ರಾಫ್ಟಿಂಗ್‌ಗೆ ಹೆಸರಾಗಿದೆ. ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಇರುವುದರಿಂದ, ವಿದ್ಯುತ್ ಉತ್ಪಾದನೆಗೆಂದು ಬಿಡುವ ನೀರಿನ ಮೇಲೆಯೇ ಕೆಳಗಿನ ಹರಿವಿನ ವೇಗ ಅವಲಂಬಿತವಾಗಿರುತ್ತದೆ. ನೀರು ಯಾವಾಗ ಏರುತ್ತದೆ, ಯಾವ ಬಂಡೆ ಯಾವ ಮಟ್ಟದಲ್ಲಿ ಮರೆಯಾಗುತ್ತದೆ, ಎಲ್ಲಿ ಸುಳಿ ಬಲವಾಗುತ್ತದೆ ಎಂಬ ಸ್ಥಳೀಯ ಗೈಡುಗಳ ತಿಳಿವಳಿಕೆ ಪುಸ್ತಕದಲ್ಲಿ ಸಿಗುವಂಥದಲ್ಲ. ಪ್ರತಿದಿನ ಅದೇ ಹರಿವಿನಲ್ಲಿ ಹುಟ್ಟು ಹಾಕಿ ಬಂದದ್ದು.

ಅಂತರರಾಷ್ಟ್ರೀಯ ರಾಫ್ಟಿಂಗ್ ಸ್ಪರ್ಧೆಗಳಲ್ಲಿ ನಾಲ್ಕು ಬಗೆಗಳಿವೆ: ಅತಿ ವೇಗದ ಸ್ಪ್ರಿಂಟ್, ಎರಡು ತಂಡಗಳು ಎದುರಾಗುವ ಹೆಡ್ ಟು ಹೆಡ್, ನೀರಿನ ಮೇಲೆ ತೂಗುಬಿಟ್ಟ ಗೇಟುಗಳ ನಡುವೆ ನುಸುಳುವ ಸ್ಲಾಲಮ್, ಮತ್ತು ಉದ್ದದ ಹರಿವನ್ನು ಕ್ರಮಿಸುವ ಡೌನ್‌ರಿವರ್. ಇವುಗಳಿಗೆ ಅನುಕ್ರಮವಾಗಿ 100, 200, 300 ಮತ್ತು 400 ಅಂಕಗಳು. ಸ್ಲಾಲಮ್‌ನಲ್ಲಿ ಗೇಟಿಗೆ ತಾಗಿದರೆ 5 ಸೆಕೆಂಡು, ಗೇಟನ್ನೇ ತಪ್ಪಿಸಿದರೆ 50 ಸೆಕೆಂಡು ದಂಡ ಬೀಳುವುದರಿಂದ, ಪ್ರತಿ ಗೇಟಿನ ಎದುರಿನ ದಂಡೆಯಲ್ಲಿ ಬಿಸಿಲಿಗೋ ಮಳೆಗೋ ಜಗ್ಗದೆ ಕಣ್ಣಿಟ್ಟು ಕೂರುವವರು ಬೇಕು. ನದಿಗೆ ತಂತಿ ಕಟ್ಟಿ ಗೇಟು ತೂಗುಬಿಡುವವರು, ದೋಣಿಗೆ ಗಾಳಿ ತುಂಬಿ ಹೊರುವವರು, ತಂಡಗಳನ್ನು ಮುಕ್ತಾಯದ ಜಾಗದಿಂದ ಆರಂಭದ ಜಾಗಕ್ಕೆ ಮರಳಿ ಸಾಗಿಸುವವರು ಬೇರೆ.

ಇವರೆಲ್ಲರಿಗಿಂತ ಮಿಗಿಲಾದ ಹೊಣೆ ರಕ್ಷಣಾ ತಂಡದ್ದು. ಹರಿವಿನ ಕೆಳಭಾಗದಲ್ಲಿ ಪುಟ್ಟ ಕಯಾಕ್ ದೋಣಿಗಳಲ್ಲಿ ಕಾಯುವ ರಕ್ಷಕರು, ಮತ್ತು ದಂಡೆಯ ಆಯಕಟ್ಟಿನ ಜಾಗಗಳಲ್ಲಿ ಎಸೆಯುವ ಹಗ್ಗದ ಚೀಲ ಹಿಡಿದು ನಿಂತವರು ಸ್ಪರ್ಧೆಯುದ್ದಕ್ಕೂ ಏನನ್ನೂ ಮಾಡದೆ ನಿಂತಿರುವಂತೆ ಕಾಣಬಹುದು, ಏಕೆಂದರೆ ಅವರಿಗೆ ಕೆಲಸ ಬೀಳದಿದ್ದರೇ ದಿನ ಚೆನ್ನಾಗಿ ಕಳೆದಂತೆ. ಅಂತರರಾಷ್ಟ್ರೀಯ ಅಳತೆಯಲ್ಲಿ ಒಂದರಿಂದ ಆರರವರೆಗಿನ ದರ್ಜೆಗಳ ಪೈಕಿ ಕಾಳಿಯ ಜನಪ್ರಿಯ ಹರಿವುಗಳು ಸಾಮಾನ್ಯವಾಗಿ ಎರಡು ಮತ್ತು ಮೂರನೆಯ ದರ್ಜೆಗೆ ಸೇರುತ್ತವೆಯಾದರೂ, ಪ್ರವಾಸಿಗರನ್ನು ಅವುಗಳಲ್ಲಿ ದಾಟಿಸುವ ಗೈಡಿನ ಕಣ್ಣು ಮತ್ತು ಕೈಗಳ ಎಚ್ಚರ ಇದೇ ಕಾವಲಿನ ತರಬೇತಿ.

ಹರ್ಡಲ್ ಜೋಡಿಸುವವರು ಮತ್ತು ಹಲವು ನುಡಿಗಳು

ಮುಂಡಗೋಡ, ಹಳಿಯಾಳ ಮತ್ತು ಜೋಯಿಡಾ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ನೆಲೆಸಿರುವ ಸಿದ್ದಿಗಳು ಆಫ್ರಿಕ ಮೂಲದ ಸಮುದಾಯದವರು. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಮಾರ್ಗರೆಟ್ ಆಳ್ವ ಅವರು ಕೇಂದ್ರದ ಕ್ರೀಡಾ ಸಚಿವೆಯಾಗಿದ್ದಾಗ, 1987ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರವು ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯ ಅಡಿಯಲ್ಲಿ ಸಿದ್ದಿ ಮಕ್ಕಳನ್ನು ಆಯ್ದು ಅಥ್ಲೆಟಿಕ್ಸ್ ತರಬೇತಿ ನೀಡತೊಡಗಿತು. ಹರ್ಡಲ್ಸ್‌ನಲ್ಲಿ ಹೆಸರಾದ ಕಮಲಾ ಸಿದ್ದಿ, ಜೂಜೆ ಜಾಕಿ ಹರ್ನೋಡಕರ್ ಮೊದಲಾದವರು ಆ ಯೋಜನೆಯಿಂದ ಬಂದವರು. ಕೆಲವೇ ವರ್ಷಗಳಲ್ಲಿ, 1993ರಲ್ಲಿ, ಯೋಜನೆ ನಿಂತುಹೋಯಿತು. ಈಚಿನ ವರ್ಷಗಳಲ್ಲಿ ಮುಂಡಗೋಡದಲ್ಲಿ ನೆಲೆಯೂರಿರುವ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆಯು ಈ ಸಮುದಾಯದ ಮಕ್ಕಳೂ ಸೇರಿದಂತೆ ಸುತ್ತಲಿನ ಗ್ರಾಮೀಣ ಮಕ್ಕಳಿಗೆ ಓಟದ ತರಬೇತಿಯನ್ನು ಮತ್ತೆ ಕೊಡುತ್ತಿದೆ.

ಯೋಜನೆ ನಿಂತಾಗ ಕಳೆದುಹೋದದ್ದು ಪದಕಗಳ ಸಾಧ್ಯತೆಯೊಂದೇ ಅಲ್ಲ. ಓಟದ ಅಂಗಳದಲ್ಲಿ ಬೆಳೆದವರು ಓಟ ನಿಲ್ಲಿಸಿದ ಮೇಲೆ ಅದೇ ಅಂಗಳದಲ್ಲಿ ಬೇರೆ ಬೇರೆ ಕೆಲಸಗಳಲ್ಲಿ ಉಳಿಯಬಹುದಾಗಿದ್ದ ದಾರಿಯೂ ಮುಚ್ಚಿತು. ಮಹಿಳೆಯರ 100 ಮೀಟರ್ ಹರ್ಡಲ್ಸ್‌ನಲ್ಲಿ ಪ್ರತಿ ಸ್ಪರ್ಧಿಯ ಮುಂದೆ 83.8 ಸೆಂಟಿಮೀಟರ್ ಎತ್ತರದ ಹತ್ತು ತಡೆಗಳಿರುತ್ತವೆ. ಎಂಟು ಪಥಗಳಿಗೆ 80. ಮೊದಲ ತಡೆ 13 ಮೀಟರ್ ದೂರದಲ್ಲಿ, ಆಮೇಲಿನವು 8.5 ಮೀಟರ್ ಅಂತರದಲ್ಲಿ ನಿಲ್ಲಬೇಕು. ಪುರುಷರ 110 ಮೀಟರ್ ಓಟಕ್ಕೆ ಅವುಗಳ ಎತ್ತರ 106.7 ಸೆಂಟಿಮೀಟರಿಗೆ ಏರಿ, ಅಂತರವೂ ಬದಲಾಗುತ್ತದೆ. ತಡೆ ಉರುಳಲು ಕನಿಷ್ಠ 3.6 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೇಕೆಂಬ ನಿಯಮವಿರುವುದರಿಂದ, ಎತ್ತರ ಬದಲಿಸಿದಾಗಲೆಲ್ಲ ಬುಡದ ಭಾರವನ್ನೂ ಸರಿಸಬೇಕು. ಎರಡು ಓಟಗಳ ನಡುವಿನ ಕೆಲವು ನಿಮಿಷಗಳಲ್ಲಿ ಒಂದು ತಂಡ ಇದನ್ನೆಲ್ಲ ಮುಗಿಸುತ್ತದೆ, ಮತ್ತು ಒಂದೇ ಒಂದು ತಡೆ ತಪ್ಪಾಗಿ ನಿಂತರೂ ಓಟಗಾರ್ತಿಯ ವರ್ಷಗಳ ಅಭ್ಯಾಸ ವ್ಯರ್ಥವಾಗಬಹುದು. ಆ ತಡೆಗಳನ್ನು ಹಾರಿ ಬಲ್ಲವರು ಜೋಡಿಸುವ ತಂಡದಲ್ಲಿದ್ದರೆ ತಪ್ಪು ಕಣ್ಣಿಗೆ ಬೇಗ ಬೀಳುತ್ತದೆ.

ಈ ಪ್ರದೇಶದ ಇನ್ನೊಂದು ಸಂಪತ್ತು ಭಾಷೆ. ಕನ್ನಡ, ಕೊಂಕಣಿ, ಮರಾಠಿ, ಉರ್ದು, ಗೌಳಿಗರ ನುಡಿ, ಸಿದ್ದಿಗಳ ನುಡಿ, ಮತ್ತು 1966ರಿಂದ ಮುಂಡಗೋಡದ ಬಳಿ ನೆಲೆಸಿರುವ ಟಿಬೆಟನ್ನರ ನುಡಿ ಇವೆಲ್ಲ ವಾರದ ಸಂತೆಯಲ್ಲಿಯೇ ಎದುರುಬದುರಾಗುತ್ತವೆ. ಹೊಸಬನ ಮುಖ ನೋಡಿ ಯಾವ ನುಡಿಯಲ್ಲಿ ಮಾತಿಗಿಳಿಯಬೇಕೆಂದು ತೀರ್ಮಾನಿಸುವ, ಅದು ಸಾಲದಾದಾಗ ಕೈಸನ್ನೆಯಿಂದಲೇ ತಿಳಿಸುವ ಚಾತುರ್ಯ ಅಂತರರಾಷ್ಟ್ರೀಯ ಕೂಟದ ಸ್ವಾಗತ ಕಟ್ಟೆಯಲ್ಲಿ ಬೇಕಾಗುವ ಮೊದಲ ಗುಣ.

ಸೇವೆ ಮತ್ತು ಸ್ವಯಂಸೇವೆ

ಸಂಬಳವಿಲ್ಲದೆ ದುಡಿಯುವ ರೂಢಿ ಈ ನಾಡಿಗೆ ಹೊರಗಿನಿಂದ ಬಂದುದಲ್ಲ. ಜೋಯಿಡಾ ತಾಲ್ಲೂಕಿನ ದಟ್ಟ ಕಾಡಿನ ನಡುವಿರುವ ಉಳವಿಯಲ್ಲಿ ಚನ್ನಬಸವಣ್ಣನವರ ಜಾತ್ರೆಗೆ ಧಾರವಾಡ, ಬೆಳಗಾವಿ ಮೊದಲಾದ ಕಡೆಗಳಿಂದ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುವಾಗ, ದಾರಿಯುದ್ದಕ್ಕೂ ಎತ್ತುಗಳಿಗೆ ನೀರು, ಜನರಿಗೆ ದಾಸೋಹ, ರಾತ್ರಿಯ ತಂಗುದಾಣ ಇವನ್ನೆಲ್ಲ ಒದಗಿಸುವವರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಸಾವಿರಾರು ಜನರ ಊಟ, ನೀರು, ದಾರಿ ಮತ್ತು ಸಮಯವನ್ನು ನಿಭಾಯಿಸುವ ಈ ಅನುಭವವೇ ದೊಡ್ಡ ಕೂಟದ ಬೆನ್ನೆಲುಬು.

ಹಾಗಿದ್ದರೂ ಇವೆರಡರ ನಡುವೆ ಒಂದು ಮುಖ್ಯ ವ್ಯತ್ಯಾಸವಿದೆ, ಅದನ್ನು ಮರೆತರೆ ಒಳ್ಳೆಯ ಮನಸ್ಸೇ ತೊಡಕಾಗಬಹುದು. ಜಾತ್ರೆಯ ಸೇವೆಯಲ್ಲಿ ಕಂಡ ಕೆಲಸಕ್ಕೆ ಕೈ ಹಾಕುವುದೇ ಗುಣ. ಕ್ರೀಡಾಕೂಟದ ಸ್ವಯಂಸೇವೆಯಲ್ಲಿ ವಹಿಸದ ಕೆಲಸಕ್ಕೆ ಕೈ ಹಾಕದಿರುವುದೇ ಗುಣ. ಎಡವಿ ಬಿದ್ದ ಓಟಗಾರನನ್ನು ಕರುಣೆಯಿಂದ ಎತ್ತಿ ಮುಂದಕ್ಕೆ ನಡೆಸಿದರೆ ಹೊರಗಿನ ನೆರವು ಪಡೆದನೆಂದು ಅವನು ಅನರ್ಹನಾಗುವ ಸಂದರ್ಭವಿದೆ; ಪರೀಕ್ಷೆಗೆ ಹೊರಟ ಕ್ರೀಡಾಪಟುವಿಗೆ ಪ್ರೀತಿಯಿಂದ ತೆರೆದ ಬಾಟಲಿಯ ನೀರು ಕೊಡುವುದು ಸಂಶಯಕ್ಕೆ ಎಡೆಮಾಡುತ್ತದೆ; ಮೆಚ್ಚಿದ ಆಟಗಾರನೊಡನೆ ಫೋಟೊ ತೆಗೆಸಿಕೊಳ್ಳಲು ಜಾಗ ಬಿಟ್ಟರೆ ಆ ಬಾಗಿಲು ಕಾವಲಿಲ್ಲದೆ ಉಳಿಯುತ್ತದೆ. ಎಲ್ಲಿ ನಿಲ್ಲಬೇಕೋ ಅಲ್ಲಿ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ಆಟಕ್ಕೆ ಬೆನ್ನು ತಿರುಗಿಸಿ ಜನರ ಕಡೆಗೆ ಮುಖ ಮಾಡಿ ನಿಲ್ಲುವ ಸಂಯಮ ತರಬೇತಿಯಿಂದಲೇ ಬರಬೇಕು.

ಉಚಿತದ ಬೆಲೆ

ಸ್ವಯಂಸೇವೆ ಆಯೋಜಕರಿಗೆ ಉಚಿತವಾಗಿ ಸಿಗುತ್ತದೆಯೇ ಹೊರತು ಸ್ವಯಂಸೇವಕರಿಗೆ ಅದು ಉಚಿತವಲ್ಲ. ಲಂಡನ್ ಮತ್ತು ಪ್ಯಾರಿಸ್ ಕೂಟಗಳಲ್ಲಿ ಸಮವಸ್ತ್ರ, ಪಾಳಿಯ ದಿನದ ಊಟ ಮತ್ತು ನಗರದೊಳಗಿನ ಪ್ರಯಾಣಗಳನ್ನು ಒದಗಿಸಲಾಯಿತಾದರೂ ವಸತಿಯ ವೆಚ್ಚ ಸ್ವಯಂಸೇವಕರದೇ ಆಗಿತ್ತು. ಟೋಕಿಯೊ ಕೂಟದಲ್ಲಿ ದಿನಕ್ಕೆ 1,000 ಯೆನ್‌ನಷ್ಟು ಪ್ರಯಾಣ ಭತ್ಯೆ ಗೊತ್ತುಮಾಡಿದಾಗ, ಕೋಟಿಗಟ್ಟಲೆ ಹಣ ಹರಿಯುವ ಕೂಟವು ದುಡಿಮೆಯನ್ನು ಮಾತ್ರ ಪುಕ್ಕಟೆಯಾಗಿ ಬಯಸುವುದು ನ್ಯಾಯವೇ ಎಂಬ ಚರ್ಚೆ ಜಪಾನಿನಲ್ಲಿಯೇ ಎದ್ದಿತು. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಆಯ್ಕೆಯಾಗಿದ್ದ ಸ್ವಯಂಸೇವಕರಲ್ಲಿ ದೊಡ್ಡ ಸಂಖ್ಯೆಯವರು ನಡುವೆಯೇ ಬಿಟ್ಟುಹೋದರೆಂದು ಆಗಿನ ಪತ್ರಿಕೆಗಳು ವರದಿ ಮಾಡಿದ್ದವು.

ಇದರ ಪರಿಣಾಮ ಎಲ್ಲರ ಮೇಲೆ ಒಂದೇ ಬಗೆಯಾಗಿರುವುದಿಲ್ಲ. ಕಂಠೀರವ ಕ್ರೀಡಾಂಗಣದಿಂದ ಮೆಟ್ರೊ ದೂರದಲ್ಲಿ ಮನೆಯಿರುವ ಕಾಲೇಜು ವಿದ್ಯಾರ್ಥಿಗೆ ಮೂರು ದಿನದ ಸೇವೆಯೆಂದರೆ ಮೂರು ದಿನದ ಬಿಡುವು ಮಾತ್ರ. ದಾಂಡೇಲಿ ಅಥವಾ ಜೋಯಿಡಾದ ತರುಣಿಗೆ ಅದು 400 ಕಿಲೋಮೀಟರಿಗೂ ಹೆಚ್ಚಿನ ಪ್ರಯಾಣ, ಬೆಂಗಳೂರಿನಲ್ಲಿ ಸುರಕ್ಷಿತವಾದ ವಸತಿಯ ಹುಡುಕಾಟ, ಮತ್ತು ಕೂಲಿಯೋ ಗೈಡಿನ ಕೆಲಸವೋ ಇದ್ದರೆ ಅಷ್ಟೂ ದಿನದ ಗಳಿಕೆಯ ನಷ್ಟ. ಅರ್ಜಿ ಆನ್‌ಲೈನ್‌ನಲ್ಲಿ, ಇಂಗ್ಲಿಷಿನಲ್ಲಿ, ಕೆಲವೇ ದಿನಗಳ ಅವಧಿಯಲ್ಲಿ ತುಂಬಬೇಕಾಗಿ ಬಂದರೆ, ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕಾದ ಹಳ್ಳಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಹೀಗೆ ಮುಕ್ತವೆಂದು ಹೇಳಲಾಗುವ ಅವಕಾಶವು ಯಾರನ್ನೂ ತಡೆಯದೆಯೇ ನಗರದ ಅನುಕೂಲಸ್ಥರಿಗೆ ಸೀಮಿತವಾಗಿಬಿಡುತ್ತದೆ.

ಪರಿಹಾರಕ್ಕೆ ಬೇಕಾದ ಕೊಂಡಿಗಳು ಈಗಾಗಲೇ ಇವೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಅಡಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸುತ್ತಾರೆ. ಕ್ರೀಡಾಕೂಟದ ತರಬೇತಿ ಮತ್ತು ಪಾಳಿಗಳನ್ನು ಈ ಲೆಕ್ಕಕ್ಕೆ ಸೇರಿಸಿಕೊಳ್ಳಲು ಅವಕಾಶ ಮಾಡಬಹುದು. ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಸುಣ್ಣದ ಗೆರೆ ಎಳೆಯುವುದರಿಂದ ಹಿಡಿದು ಫಲಿತಾಂಶ ಬರೆಯುವವರೆಗೆ ಎಲ್ಲವನ್ನೂ ನಿಭಾಯಿಸುವ ದೈಹಿಕ ಶಿಕ್ಷಣ ಶಿಕ್ಷಕರು ಮೊದಲ ತರಬೇತುದಾರರಾಗಬಲ್ಲರು. ಅದರೊಡನೆ ಕನ್ನಡದಲ್ಲಿ ಅರ್ಜಿ ಮತ್ತು ಕೈಪಿಡಿ, ಹೋಗಿಬರುವ ಬಸ್ ದರ, ಸರ್ಕಾರಿ ವಿದ್ಯಾರ್ಥಿನಿಲಯಗಳಲ್ಲಿ ವಸತಿ, ಪಾಳಿಯ ಅವಧಿಗೆ ವಿಮೆ, ಮತ್ತು ಮಾಡಿದ ಕೆಲಸವನ್ನು ವಿವರವಾಗಿ ನಮೂದಿಸಿದ ಪ್ರಮಾಣಪತ್ರ ಇವಿಷ್ಟು ಸೇರಿದರೆ ದೂರದ ಊರಿನವರಿಗೂ ಬಾಗಿಲು ನಿಜವಾಗಿ ತೆರೆಯುತ್ತದೆ.

ಈ ಮಾತಿಗೆ ಈಗ ತುರ್ತೂ ಇದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಅಹಮದಾಬಾದಿಗೆ ನೀಡುವ ತೀರ್ಮಾನ 2025ರ ನವೆಂಬರ್‌ನಲ್ಲಿ ಗ್ಲಾಸ್ಗೊದಲ್ಲಿ ಆಗಿದೆ, 2036ರ ಒಲಿಂಪಿಕ್ಸ್ ಆತಿಥ್ಯಕ್ಕೂ ಭಾರತ ಆಸಕ್ತಿ ತೋರಿದೆ. ಅಂಥ ಕೂಟಗಳಿಗೆ ಬೇಕಾಗುವ ಸಾವಿರಾರು ಕೈಗಳನ್ನು ಕೊನೆಯ ತಿಂಗಳಲ್ಲಿ ಹುಡುಕುವುದಕ್ಕಿಂತ, ಹಳಿಯಾಳದ ಅಖಾಡದಲ್ಲಿ, ಗಣೇಶಗುಡಿಯ ದಂಡೆಯಲ್ಲಿ, ಮುಂಡಗೋಡದ ಓಟದ ಅಂಗಳದಲ್ಲಿ ಈಗಾಗಲೇ ಪಳಗಿರುವ ಕೈಗಳನ್ನು ಗುರುತಿಸಿಕೊಳ್ಳುವುದು ಜಾಣತನ. ಎಸೆದ ಈಟಿಯನ್ನು ಹೊತ್ತೇ ತರಬೇಕೆಂಬ ನಿಯಮ ಬದಲಾಗುವಂತಿಲ್ಲ. ಹೊತ್ತು ತರಲು ಬರುವವರು ಊರಿನಿಂದ ಕ್ರೀಡಾಂಗಣದವರೆಗಿನ ದೂರವನ್ನು ತಮ್ಮ ಕೈಯಿಂದಲೇ ಹಣ ಹಾಕಿ ಕ್ರಮಿಸಬೇಕೆಂಬುದು ಯಾವ ನಿಯಮಾವಳಿಯಲ್ಲಿಯೂ ಬರೆದಿಲ್ಲ.